ಅರೇಬಿಯಾದ ಒಂಟೆ: ನಾಲ್ಕು ಲಾಟ್‌ಗಳ ಒಂದು ಪ್ರಕರಣ

ಹುಬ್ಬಳ್ಳಿ ಕಡೆಯ ಗೆಳೆಯನೊಬ್ಬ ಈಗ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದಾನೆ. ರೋಮನ್ ಬೆಳ್ಳಿ ನಾಣ್ಯಗಳ ಹುಚ್ಚು ಹತ್ತಿದ್ದು ಅಲ್ಲಿಗೆ ಹೋದ ಮೇಲೆ. ಅವನಿಗೊಂದು ಸೆಟ್ ಕಟ್ಟಬೇಕಿತ್ತು: ರೋಮ್ ಹೊಸ ನಾಡೊಂದನ್ನು ಸೇರಿಸಿಕೊಂಡಾಗ 'ಇದು ಇನ್ನು ನಮ್ಮದು' ಅಂತ ಸಾರಿದ ನಾಣ್ಯಗಳು ಮಾತ್ರ. ಎಕ್ಸೆಲ್ ಶೀಟ್ ಮಾಡಿಟ್ಟುಕೊಂಡಿದ್ದ. ಈಜಿಪ್ಟ್, ಅರ್ಮೇನಿಯಾ, ಜೂಡಿಯಾ (ಯೆಹೂದಿಗಳ ನಾಡು ಯೂದಾಯ), ಡೇಸಿಯಾ, ಅರೇಬಿಯಾ. ಕೈಯಲ್ಲಿದ್ದದ್ದು ಆರುನೂರು ಯೂರೊ. ಒಂದು ಹರಾಜಿನ ಲಾಟ್‌ಗಳನ್ನೂ, ಅಂದರೆ ಮಾರಾಟಕ್ಕಿಟ್ಟ ನಾಣ್ಯಗಳನ್ನೂ, ಒಬ್ಬ ಖಾಸಗಿ ಮಾರಾಟಗಾರನ ಫೋಟೊಗಳನ್ನೂ ಕಳಿಸಿ, ಯಾವುದು ತಗೊಳ್ಳಲಿ ಅಂತ ಕೇಳಿದ.

ಮೊದಲು ಪಟ್ಟಿಯ ಮಾತು. ಈಜಿಪ್ಟ್ ಗೆದ್ದ ನೆನಪಿಗೆ ರೋಮ್‌ನ ಮೊದಲ ಚಕ್ರವರ್ತಿ ಆಗಸ್ಟಸ್ ಕ್ರಿ.ಪೂ. 28ರಲ್ಲಿ ಹೊರಡಿಸಿದ ಮೊಸಳೆಯ ದಿನಾರಿಯಸ್ (ರೋಮ್‌ನ ಬೆಳ್ಳಿ ನಾಣ್ಯ) ಚೆನ್ನಾಗಿದ್ದರೆ ಸಾವಿರಾರು ಯೂರೊ ಬೀಳುತ್ತದೆ. ಆರುನೂರಕ್ಕೆ ಮೊಸಳೆಯ ಬಾಲವೂ ಸಿಗುವುದಿಲ್ಲ. ಅರ್ಮೇನಿಯಾದ್ದು ಇನ್ನೊಂದು ತಮಾಷೆ. 'ಅರ್ಮೇನಿಯಾ ಗೆದ್ದೆವು' ಅಂತ ನಾಣ್ಯ ಹೇಳುತ್ತದೆ, ಆದರೆ ಆಗಸ್ಟಸ್ ಆ ನಾಡನ್ನು ಪ್ರಾಂತ್ಯ ಮಾಡಲೇ ಇಲ್ಲ. ತನಗೆ ಬೇಕಾದ ರಾಜನನ್ನು ಗದ್ದುಗೆಗೆ ಕೂರಿಸಿದ, ಅಷ್ಟೆ. ಜೂಡಿಯಾ ನಾಣ್ಯಗಳಿಗೆ ಬೈಬಲ್ ಕಾಲದ ವಸ್ತು ಹುಡುಕುವವರ ಬೇಡಿಕೆ ಜಾಸ್ತಿ, ಹಾಗಾಗಿ ಬೆಲೆಯೂ ಜಾಸ್ತಿ. ಐದು ನಾಡುಗಳ ಐದು ಸವೆದ ನಾಣ್ಯ ಒಟ್ಟು ಹಾಕುವ ಬದಲು ಒಂದೇ ನಾಡನ್ನು ಹಿಡಿದುಕೊಂಡು ಆಳಕ್ಕೆ ಹೋಗು ಅಂದೆ. ಅರೇಬಿಯಾ ಹಿಡಿ ಅಂದೆ.

ಅರೇಬಿಯಾ ಯಾಕೆ? ಈ ಒಂದು ನಾಡಿನ ವಿಷಯದಲ್ಲಿ ಸುಳ್ಳು ಗೆಲುವಿನ ನಾಣ್ಯವೂ ಇದೆ, ನಿಜವಾಗಿ ಸೇರಿಸಿಕೊಂಡ ನಾಣ್ಯವೂ ಇದೆ, ಆ ಸೇರ್ಪಡೆ ನಡೆದ ಕಡೆಯೇ ಓಡಾಡಿದ ನಾಣ್ಯವೂ ಇದೆ. ಮೂರೂ ಬೆಳ್ಳಿ, ಮೂರರಲ್ಲೂ ಒಂಟೆ, ಮೂರೂ ಮಧ್ಯಮ ವರ್ಗದ ಕೈಗೆ ಎಟುಕುವಂಥವು.

ಇಲ್ಲಿ ಅರೇಬಿಯಾ ಅಂದರೆ ಇಡೀ ಮರುಭೂಮಿ ಅಲ್ಲ. ಪೆಟ್ರಾ ನಗರವನ್ನು ಕಟ್ಟಿದ ನಬಾತಿಯರ ರಾಜ್ಯ. ಈಗಿನ ಜೋರ್ಡಾನ್, ದಕ್ಷಿಣ ಸಿರಿಯಾ, ನೆಗೆವ್, ಸಿನಾಯ್, ಸೌದಿಯ ವಾಯವ್ಯ ಮೂಲೆ. ಧೂಪ ಮತ್ತು ಮಸಾಲೆಯ ಕಾರವಾನ್‌ಗಳಿಂದ ಬೆಳೆದ ನಾಡು. ಕೊನೆಯ ರಾಜ ಎರಡನೇ ರಬ್ಬೆಲ್ ಆಳಿದ್ದು ಕ್ರಿ.ಶ. 106ರವರೆಗೆ. ಅದೇ ವರ್ಷ ಸಿರಿಯಾದ ರೋಮನ್ ಗವರ್ನರ್ ಕಾರ್ನೀಲಿಯಸ್ ಪಾಲ್ಮಾ ಸೈನ್ಯದೊಂದಿಗೆ ಬಂದು ರಾಜ್ಯವನ್ನು ವಶಕ್ಕೆ ತೆಗೆದುಕೊಂಡ. ಇತಿಹಾಸಕಾರ ಡಿಯೋ ಇದಕ್ಕೆ ಕೊಟ್ಟದ್ದು ಹೆಚ್ಚುಕಮ್ಮಿ ಒಂದೇ ವಾಕ್ಯ. ಅದೇ ಹೊತ್ತಿಗೆ ಚಕ್ರವರ್ತಿ ಟ್ರಾಜನ್ ಡೇಸಿಯಾದಲ್ಲಿ, ಅಂದರೆ ಇಂದಿನ ರೊಮೇನಿಯಾದಲ್ಲಿ, ದೊಡ್ಡ ಯುದ್ಧ ಮುಗಿಸುತ್ತಿದ್ದ. ಡೇಸಿಯಾಕ್ಕೆ ರೋಮ್‌ನಲ್ಲಿ ಕಲ್ಲಿನ ಕಂಬವೇ ಎದ್ದಿತು. ಕೈಕಟ್ಟಿಸಿಕೊಂಡು ಕುಳಿತ ಡೇಸಿಯನ್ ಕೈದಿಯ ನಾಣ್ಯಗಳು ಬೇಕಾದಷ್ಟು ಬಂದವು. ಟ್ರಾಜನ್ 'ಡೇಸಿಕಸ್' ಅಂತ ಬಿರುದು ಹಾಕಿಕೊಂಡ. 'ಅರಾಬಿಕಸ್' ಅಂತ ಹಾಕಿಕೊಳ್ಳಲಿಲ್ಲ. ಅರೇಬಿಯಾದ ನಾಣ್ಯ ಬಂದದ್ದೂ ಸುಮಾರು ಐದು ವರ್ಷ ತಡವಾಗಿ, 111ರ ಹೊತ್ತಿಗೆ.

ಆ ತಡಕ್ಕೆ ನನಗೆ ಒಪ್ಪಿಗೆಯಾಗುವ ಕಾರಣ ರಸ್ತೆ. 111ರಿಂದ 114ರ ಒಳಗೆ ಗವರ್ನರ್ ಕ್ಲಾಡಿಯಸ್ ಸೆವೆರಸ್ ದಕ್ಷಿಣ ಸಿರಿಯಾದ ಬೋಸ್ತ್ರ ನಗರದಿಂದ ಕೆಂಪು ಸಮುದ್ರದ ದಡದ ಐಲಾವರೆಗೆ, ಅಂದರೆ ಇಂದಿನ ಅಕಾಬಾವರೆಗೆ, ಹೊಸ ಹೆದ್ದಾರಿ ಹಾಕಿಸಿದ. ಅದರ ಮೈಲಿಗಲ್ಲುಗಳು ಇವತ್ತಿಗೂ ಇವೆ. ಅರೇಬಿಯಾವನ್ನು ಪ್ರಾಂತ್ಯ ಮಾಡಿ, ಸಿರಿಯಾದ ಗಡಿಯಿಂದ ಕೆಂಪು ಸಮುದ್ರದವರೆಗೆ ಹೊಸ ದಾರಿ ತೆರೆದು ಕಲ್ಲು ಹಾಸಿದ ಅಂತ ಟ್ರಾಜನ್ ಹೆಸರಿನಲ್ಲಿ ಕೆತ್ತಿದ್ದಾರೆ. ಸೈನ್ಯ ನೆಲೆ ನಿಂತು, ಆಡಳಿತ ಕೂತು, ರಸ್ತೆ ಏಳುವಾಗ ನಾಣ್ಯವೂ ಬಂತು. ನಮ್ಮಲ್ಲಿ ಯೋಜನೆ ಅರ್ಧ ಮುಗಿಯುವ ಹೊತ್ತಿಗೆ ಫ್ಲೆಕ್ಸ್ ಬೀಳುತ್ತದಲ್ವಾ, ಹಾಗೆ.

ಈಗ ಲಾಟ್‌ಗಳಿಗೆ ಬರೋಣ.

ಮೊದಲನೆಯದು ಕ್ರಿ.ಪೂ. 58ರ ದಿನಾರಿಯಸ್. ಟ್ರಾಜನ್‌ಗಿಂತ ಒಂದೂವರೆ ಶತಮಾನ ಹಿಂದಿನದು. ಒಂದು ಬದಿಯಲ್ಲಿ ಒಂಟೆಯ ಪಕ್ಕ ಒಬ್ಬ ಮಂಡಿಯೂರಿದ್ದಾನೆ. ಒಂದು ಕೈಯಲ್ಲಿ ಲಗಾಮು, ಇನ್ನೊಂದರಲ್ಲಿ ಆಲಿವ್ ಕೊಂಬೆ. ಕೆಳಗೆ 'ರೆಕ್ಸ್ ಅರೆತಾಸ್', ಅಂದರೆ ರಾಜ ಅರೆತಾಸ್. ನಬಾತಿಯರ ದೊರೆ ಮಂಡಿಯೂರಿ ಶರಣಾದ ಚಿತ್ರ. ನಡೆದದ್ದು ಬೇರೆ. ರೋಮನ್ ಸೇನಾಪತಿ ಪಾಂಪಿಯ ಅಧಿಕಾರಿ ಸ್ಕಾರಸ್ ಕ್ರಿ.ಪೂ. 62ರ ಹೊತ್ತಿಗೆ ಪೆಟ್ರಾದ ಮೇಲೆ ದಂಡೆತ್ತಿ ಹೋದ. ಒರಟು ನೆಲದಲ್ಲಿ ಅವನ ಸೈನ್ಯ ಕಾಳು ಸಿಗದೆ ಪರದಾಡಿತು. ಕೊನೆಗೆ ಅರೆತಾಸ್ 300 ಟ್ಯಾಲೆಂಟ್ (ಆ ಕಾಲದ ದೊಡ್ಡ ತೂಕದ ಅಳತೆ) ಬೆಳ್ಳಿ ಕೊಟ್ಟ, ಸ್ಕಾರಸ್ ವಾಪಸ್ ಹೋದ. ಈ ಲೆಕ್ಕ ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದಿಟ್ಟದ್ದು. ರಾಜ್ಯ ಅರೆತಾಸ್ ಕೈಯಲ್ಲೇ ಉಳಿಯಿತು. ಮಂಡಿಯೂರಿದ್ದು ನಾಣ್ಯದ ಮೇಲೆ ಮಾತ್ರ.

ಈ ನಾಣ್ಯ ಹೊಡೆಸಿದವನೂ ಸ್ಕಾರಸ್ಸೇ. ಸುಮ್ನೆ ಹೊಗಳಿಕೊಳ್ಳಲು ಇಷ್ಟು ಖರ್ಚು ಯಾಕೆ ಅಂದರೆ, ಕ್ರಿ.ಪೂ. 58ರಲ್ಲಿ ಅವನು ರೋಮ್‌ನ ಈಡೈಲ್ ಆಗಿದ್ದ. ಜನರಿಗೆ ಆಟ, ಉತ್ಸವ ನಡೆಸಿಕೊಡುವ ಹುದ್ದೆ ಅದು. ತಾತ್ಕಾಲಿಕ ರಂಗಮಂದಿರಕ್ಕೆ 360 ಕಂಬ ನಿಲ್ಲಿಸಿದ, ಮೊಸಳೆ ಮತ್ತು ನೀರಾನೆಯನ್ನು ತರಿಸಿ ತೋರಿಸಿದ ಅಂತ ರೋಮನ್ ಲೇಖಕ ಪ್ಲಿನಿ ಹೇಳುತ್ತಾನೆ. ಮುಂದೆ ಇನ್ನೂ ದೊಡ್ಡ ಹುದ್ದೆಗಳ ಮೇಲೆ ಕಣ್ಣಿಟ್ಟವನಿಗೆ ಒಂಟೆ ಒಳ್ಳೆಯ ಪ್ರಚಾರ. ಒಬ್ಬ ರೋಮನ್ ಅಧಿಕಾರಿ ತಾತ-ಮುತ್ತಾತರ ಸಾಧನೆ ಬಿಟ್ಟು ತನ್ನದೇ ಜೀವನದ ಘಟನೆಯನ್ನು ನಾಣ್ಯಕ್ಕೆ ಹಾಕಿದ್ದು ಇದೇ ಮೊದಲು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಇನ್ನೊಂದು ಬದಿ ಅವನ ಜೊತೆಗಾರ ಹಿಪ್ಸಿಯಸ್‌ನದು. ಅವನು ಹಳೆಯ ಪದ್ಧತಿಯವ: ಪ್ರಿವರ್ನಮ್ ಎಂಬ ಊರನ್ನು ಗೆದ್ದ ತನ್ನ ಪೂರ್ವಿಕನ ಹೆಸರು, ಮೇಲೆ ನಾಲ್ಕು ಕುದುರೆಯ ರಥದಲ್ಲಿ ಜೂಪಿಟರ್. ಒಂದೇ ನಾಣ್ಯದ ಒಂದು ಮುಖದಲ್ಲಿ ನಿಜವಾದ ಹಳೆಯ ಗೆಲುವು, ಇನ್ನೊಂದರಲ್ಲಿ ದುಡ್ಡು ಕೊಟ್ಟು ಮುಗಿಸಿದ ಗೆಲುವು. ವಿಸ್ತರಣೆಯ ನಾಣ್ಯ ಕೂಡಿಡುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ನನಗೆ ಗೊತ್ತಿಲ್ಲ.

ಇದು ಅಪರೂಪದ ನಾಣ್ಯವೇನಲ್ಲ, ಬೇಕಾದಷ್ಟು ಸಿಗುತ್ತದೆ. ತೊಂದರೆ ಅಚ್ಚಿನದು. ಆತುರದಲ್ಲಿ ಹೊಡೆದವು ಅನ್ನಿಸುತ್ತದೆ, ನಡುವೆ ಬೀಳದೆ ಪಕ್ಕಕ್ಕೆ ಜಾರಿದ್ದೇ ಜಾಸ್ತಿ. ಒಂದರಲ್ಲಿ ಒಂಟೆಯ ತಲೆ ಇರುವುದಿಲ್ಲ, ಇನ್ನೊಂದರಲ್ಲಿ ರಾಜನ ಹೆಸರು ಅಂಚಿನಿಂದ ಹೊರಗೆ. ಗೆಳೆಯ ಕಳಿಸಿದ್ದರಲ್ಲಿ ಕುದುರೆಗಳು ಕಲಸಿಹೋಗಿದ್ದವು, ಆದರೆ ಅರೆತಾಸ್ ಮಂಡಿಯಿಂದ ಕೊಂಬೆಯ ತುದಿವರೆಗೆ ಪೂರ್ತಿ ಇದ್ದ. ಹೆಸರಿನ ಕೊನೆಯ ಎರಡು ಅಕ್ಷರ ಮಾತ್ರ ಇರಲಿಲ್ಲ. ಕುದುರೆ ಹಾಳಾದರೆ ಹಾಳಾಗಲಿ, ನಿನ್ನ ಸೆಟ್‌ಗೆ ಬೇಕಾದದ್ದು ಅರೆತಾಸ್, ತಗೋ ಅಂದೆ.

ಎರಡನೇ ಮತ್ತು ಮೂರನೇ ಲಾಟ್ ಎರಡೂ ಟ್ರಾಜನ್‌ನ ದಿನಾರಿಯಸ್, ರೋಮ್ ಟಂಕಸಾಲೆಯವು. ಹಿಂಬದಿಯಲ್ಲಿ ಅರೇಬಿಯಾ ಒಬ್ಬ ಹೆಂಗಸಾಗಿ ನಿಂತಿದ್ದಾಳೆ. ಬಲಗೈಯಲ್ಲಿ ಕೊಂಬೆ, ಎಡಗೈಯಲ್ಲಿ ಕಡ್ಡಿಗಳ ಕಟ್ಟು. ಸುಗಂಧದ ಕಡ್ಡಿ ಇರಬೇಕು ಅಂತ ಹೆಚ್ಚಿನವರು ಓದುತ್ತಾರೆ. ಕಾಲ ಬಳಿ ಪುಟ್ಟ ಒಂಟೆ. ಕೆಳಗೆ 'ಅರಾಬ್ ಅಡ್‌ಕ್ವಿ', ಅಂದರೆ ಅರೇಬಿಯಾವನ್ನು ಸೇರಿಸಿಕೊಂಡದ್ದು. ಡೇಸಿಯಾದ ನಾಣ್ಯದಲ್ಲಿ 'ಗೆದ್ದದ್ದು' ಅಂತಿದೆ, ಕೈದಿ ನೆಲಕ್ಕೆ ಕುಸಿದಿದ್ದಾನೆ. ಇವಳು ನೆಟ್ಟಗೆ ನಿಂತಿದ್ದಾಳೆ. ಆಯುಧವಿಲ್ಲ, ಕಣ್ಣೀರಿಲ್ಲ. ಪಾಲ್ಮಾನ ಸೈನಿಕರು ನಬಾತಿಯರ ಹಳ್ಳಿಗಳಲ್ಲಿ ಹೇಗೆ ನಡೆದುಕೊಂಡರು ಅನ್ನುವುದಕ್ಕೆ ಈ ನೆಮ್ಮದಿಯ ಮುಖ ಸಾಕ್ಷಿಯಲ್ಲ. ರೋಮ್ ಈ ವಿಷಯವನ್ನು ಹೇಗೆ ಕೇಳಿಸಿಕೊಳ್ಳಬೇಕು ಅಂತ ಟ್ರಾಜನ್ ಬಯಸಿದ್ದ ಅನ್ನುವುದಕ್ಕೆ ಸಾಕ್ಷಿ.

ಎರಡನೇ ಲಾಟ್ ಖಾಸಗಿ ಮಾರಾಟಗಾರನದು. ಫೋಟೊದಲ್ಲಿ ಬಹಳ ಚೆನ್ನಾಗಿತ್ತು, ಬೆಲೆಯೂ ಸ್ವಲ್ಪ ಕಡಿಮೆ. ಜೊತೆಗೊಂದು ಕಥೆ: ಇದು ದಕ್ಷಿಣ ಭಾರತದಲ್ಲಿ, ಚಿತ್ರದುರ್ಗದ ಹತ್ತಿರ ಸಿಕ್ಕಿದ್ದು, ಮನೆತನದ ಹಳೆಯ ಸಂಗ್ರಹದಿಂದ ಇತ್ತೀಚೆಗೆ ಬಂದದ್ದು. ಕನ್ನಡಿಗನಿಗೆ ಮಾರುವುದಕ್ಕೇ ಹೆಣೆದಂತಿತ್ತು. ಗೆಳೆಯ ಕರಗಿಹೋದ. 'ಊರಿನ ಮಣ್ಣಿಂದ ಬಂದಿದೆ ಮಾರಾಯ' ಅಂದ.

ಚಿತ್ರದುರ್ಗದ ಹೆಸರು ಸುಮ್ಮನೆ ಬಂದದ್ದಲ್ಲ. ಅಲ್ಲಿನ ಚಂದ್ರವಳ್ಳಿಯಲ್ಲಿ ಎಂ.ಎಚ್. ಕೃಷ್ಣ ಅಗೆದಾಗಲೂ, 1947ರಲ್ಲಿ ಪುರಾತತ್ವಜ್ಞ ವ್ಹೀಲರ್ ಅಗೆದಾಗಲೂ ರೋಮ್ ಸಂಪರ್ಕದ ಕುರುಹು ಸಿಕ್ಕಿವೆ, ರೋಮನ್ ದಿನಾರಿಯಸ್ ಸಹ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ 163 ದಿನಾರಿಯಸ್‌ಗಳ ನಿಧಿ ಸಿಕ್ಕಿತು. 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಹತ್ತಿರ ಇನ್ನೊಂದು ದೊಡ್ಡ ನಿಧಿ. ಆದರೆ ನಮ್ಮ ಕಡೆ ಸಿಕ್ಕುವ ರೋಮನ್ ಬೆಳ್ಳಿಯಲ್ಲಿ ಮತ್ತೆ ಮತ್ತೆ ಬರುವುದು ಎರಡೇ ಮಾದರಿ. ಒಂದು ಆಗಸ್ಟಸ್‌ನದು, ಹಿಂಬದಿಯಲ್ಲಿ ಅವನ ಮೊಮ್ಮಕ್ಕಳಾದ ಗೈಯಸ್ ಮತ್ತು ಲೂಸಿಯಸ್ ಗುರಾಣಿ ಹಿಡಿದು ನಿಂತಿರುತ್ತಾರೆ. ಇನ್ನೊಂದು ಅವನ ನಂತರದ ಚಕ್ರವರ್ತಿ ಟೈಬೀರಿಯಸ್‌ನದು, ಹಿಂಬದಿಯಲ್ಲಿ ಕುಳಿತ ಹೆಂಗಸು. ಎರಡೂ ಯಾವ ನಾಡನ್ನೂ ಗೆದ್ದ ಸುದ್ದಿ ಹೇಳುವುದಿಲ್ಲ.

ಕಾರಣ ಬೆಳ್ಳಿಯಲ್ಲೇ ಇದೆ. ಸುಮಾರು ಕ್ರಿ.ಶ. 64ರಲ್ಲಿ ಚಕ್ರವರ್ತಿ ನೀರೋ ದಿನಾರಿಯಸ್‌ನ ತೂಕವನ್ನೂ ಇಳಿಸಿದ, ಬೆಳ್ಳಿಯ ಪಾಲನ್ನೂ ಇಳಿಸಿದ. ಭಾರತದ ವ್ಯಾಪಾರಿ ರೋಮನ್ ನಾಣ್ಯವನ್ನು ತೂಗಿ ತೆಗೆದುಕೊಳ್ಳುತ್ತಿದ್ದವ, ರಾಜನ ಮುಖ ನೋಡಿ ಅಲ್ಲ. ಹಳೆಯ ಶುದ್ಧ ಬೆಳ್ಳಿ ಅವನಿಗೆ ಬೇಕಿತ್ತು, ಹೊಸದು ಬೇಡವಾಗಿತ್ತು. ಹಾಗಾಗಿ ನೀರೋ ನಂತರದ ದಿನಾರಿಯಸ್ ನಮ್ಮಲ್ಲಿ ಬಹಳ ವಿರಳ. ಟ್ರಾಜನ್‌ನ ಅರೇಬಿಯಾ ದಿನಾರಿಯಸ್ ಚಿತ್ರದುರ್ಗದಲ್ಲಿ ಸಿಗಲೇಬಾರದು ಅಂತಿಲ್ಲ. ಸಿಕ್ಕಿದ್ದರೆ ಅದು ಸಂಶೋಧಕರು ಬರೆದುಕೊಳ್ಳುವ ಸುದ್ದಿ, ಜಾಹೀರಾತಿನ ಒಂದು ಸಾಲಲ್ಲ.

ಕಥೆ ನಿಜ ಅಂತಲೇ ಇಟ್ಟುಕೊಳ್ಳಿ. ಆಗ ಇನ್ನೊಂದು ತಕರಾರು. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತ ಕರ್ನಾಟಕದ 1962ರ ನಿಧಿ ಕಾಯ್ದೆ ಹೇಳುತ್ತದೆ. ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ ಅಂತ 1972ರ ಪುರಾತನ ವಸ್ತುಗಳ ಕಾಯ್ದೆ ಹೇಳುತ್ತದೆ. 'ಇತ್ತೀಚೆಗೆ ಬಂದದ್ದು' ಅಂತ ಮಾರಾಟಗಾರನೇ ಬರೆದುಕೊಂಡಿದ್ದಾನೆ. ಕಥೆ ಸುಳ್ಳಾದರೆ ಮೋಸ, ನಿಜವಾದರೆ ಕಳ್ಳಸಾಗಣೆ. ಎರಡರಲ್ಲಿ ಯಾವುದಾದರೂ ನಮಗೆ ಬೇಡ ಅಂದೆ. ಜರ್ಮನಿಯಲ್ಲೂ 2016ರ ಸಾಂಸ್ಕೃತಿಕ ಸಂಪತ್ತಿನ ಕಾಯ್ದೆ ಬಂದ ಮೇಲೆ ಕಾಗದಪತ್ರ ಇಲ್ಲದ ನಾಣ್ಯ ಕೊಂಡವನಿಗೇ ತಲೆನೋವು.

ಅವನಿಗೆ ಅಷ್ಟಕ್ಕೂ ಸಮಾಧಾನ ಆಗಲಿಲ್ಲ. ಹಾಗಾಗಿ ನಾಣ್ಯವನ್ನೇ ನೋಡಿದೆವು. ಟ್ರಾಜನ್‌ನ ಕುತ್ತಿಗೆಯ ಮೇಲೆ, ಕಿವಿಯ ಕೆಳಗೆ, ಓರೆಯಾಗಿ ಒಂದು ಸಣ್ಣ ಗೀರು. ಅಂಚಿನಲ್ಲಿ ಗಡಿಯಾರದ ಎರಡು ಗಂಟೆಯ ಜಾಗದಲ್ಲಿ ಒಂದು ಬಿರುಕು. ಹಳೆಯ ಹರಾಜುಗಳ ಫೋಟೊಗಳನ್ನು ಜಾಲಾಡಿದಾಗ ಇನ್ನೊಂದು ಅರೇಬಿಯಾ ದಿನಾರಿಯಸ್ ಸಿಕ್ಕಿತು. ಅದೇ ಗೀರು, ಅದೇ ಜಾಗ. ಅದೇ ಬಿರುಕು, ಅದೇ ಎರಡು ಗಂಟೆ. ತೂಕ ಮಾತ್ರ ಬೇರೆ.

ಹೊಸಬರು ಇಲ್ಲಿ ಗೊಂದಲ ಮಾಡಿಕೊಳ್ಳುತ್ತಾರೆ. ಎರಡು ನಾಣ್ಯ ಒಂದೇ ಅಚ್ಚಿನಿಂದ ಬಂದಿರುವುದರಲ್ಲಿ ತಪ್ಪೇನಿಲ್ಲ. ಒಂದು ಅಚ್ಚಿನಿಂದ ಸಾವಿರಾರು ನಾಣ್ಯ ಹೊಡೆಯುತ್ತಿದ್ದರು, ಹಾಗಾಗಿ ಚಿತ್ರ, ಅಕ್ಷರ ಎಲ್ಲ ಒಂದೇ ಥರ ಇರಬಹುದು. ಆದರೆ ಪ್ರತಿ ಬಿಲ್ಲೆಯನ್ನೂ ಕೈಯಿಂದ ಅಚ್ಚಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆಯುವಾಗ ಬಿರುಕು ಬೇರೆ ಬೇರೆ ಕಡೆ ಬೀಳುತ್ತದೆ, ಚಿತ್ರ ಬೇರೆ ಬೇರೆ ಕಡೆ ಜಾರುತ್ತದೆ. ಚಲಾವಣೆಯ ಗೀರಂತೂ ಒಂದೊಂದಕ್ಕೂ ಅದರದ್ದೇ. ಅಚ್ಚಿನದಲ್ಲದ ಗುರುತುಗಳು ಎರಡರಲ್ಲಿ ಒಂದೇ ಕಡೆ ಬಂದರೆ, ಒಂದನ್ನು ನೋಡಿ ಇನ್ನೊಂದನ್ನು ಮಾಡಿದ್ದಾರೆ, ಇಲ್ಲವೇ ಎರಡನ್ನೂ ಮೂರನೆಯದರಿಂದ ಮಾಡಿದ್ದಾರೆ. ದೊಡ್ಡದು ಮಾಡಿದ ಫೋಟೊದಲ್ಲಿ ಒಂಟೆಯ ಕಾಲುಗಳ ನಡುವಿನ ಜಾಗ ನುಣುಪಾಗಿ, ಸಣ್ಣ ಗುಳ್ಳೆಗಳಿಂದ ತುಂಬಿತ್ತು. ಎರಕ ಹೊಯ್ದದ್ದರ ಗುರುತು ಅದು. ಗೆಳೆಯ ಆಮೇಲೆ ಊರಿನ ಮಣ್ಣಿನ ಮಾತೆತ್ತಲಿಲ್ಲ.

ಮೂರನೇ ಲಾಟ್ ಒಳ್ಳೆಯ ನಾಣ್ಯ, ಹಳೆಯ ಹರಾಜಿನ ದಾಖಲೆಯೂ ಇತ್ತು. ಬಿಡ್ ನಮ್ಮ ಮಿತಿ ದಾಟಿ ಹೋಯಿತು. ಹೇಳುವಂಥದ್ದು ಅಷ್ಟೆ.

ನಾಲ್ಕನೆಯದನ್ನು ಗೆಳೆಯ ಮೊದಲು ಪಟ್ಟಿಯಲ್ಲೇ ಇಟ್ಟಿರಲಿಲ್ಲ. ಅದು ದಿನಾರಿಯಸ್ ಅಲ್ಲ, ದ್ರಾಕ್ಮ, ಅಂದರೆ ಗ್ರೀಕ್ ಪದ್ಧತಿಯ ಬೆಳ್ಳಿ ನಾಣ್ಯ. ಟ್ರಾಜನ್‌ನ ಮುಖವೇ, ಆದರೆ ಬರಹ ಗ್ರೀಕ್. ಹಿಂಬದಿಯಲ್ಲಿ ಹೆಂಗಸಿಲ್ಲ, ಎಡಕ್ಕೆ ನಡೆಯುವ ಒಂಟೆ ಮಾತ್ರ. ಬರಹದಲ್ಲಿ ಟ್ರಾಜನ್ ಆರನೇ ಸಲ ಕಾನ್ಸುಲ್ (ರೋಮ್‌ನ ಅತಿ ದೊಡ್ಡ ವಾರ್ಷಿಕ ಹುದ್ದೆ) ಆದ ಲೆಕ್ಕ ಇರುವುದರಿಂದ 112ರದ್ದು ಅಥವಾ ನಂತರದ್ದು. ಹಳೆಯ ಕ್ಯಾಟಲಾಗ್‌ಗಳು ಇದನ್ನು ಬೋಸ್ತ್ರದ್ದು ಅನ್ನುತ್ತವೆ, ಎಲ್ಲಿ ಅಚ್ಚಾಯಿತು ಅನ್ನುವ ಚರ್ಚೆ ವಿದ್ವಾಂಸರಲ್ಲಿ ನಡೆದೇ ಇದೆ. ಚಲಾವಣೆಯಾದದ್ದು ಹೊಸ ಪ್ರಾಂತ್ಯದ ಕಡೆ.

ಒಂಟೆಯನ್ನು ಭೂತಗನ್ನಡಿ ಹಿಡಿದು ನೋಡಿ. ಎರಡು ಡುಬ್ಬ. ಕ್ಯಾಟಲಾಗ್‌ಗಳೂ ಬ್ಯಾಕ್ಟ್ರಿಯನ್ ಒಂಟೆ ಅಂತಲೇ ಬರೆಯುತ್ತವೆ. ಅದು ಮಧ್ಯ ಏಷ್ಯಾದ ಪ್ರಾಣಿ. ಅರೇಬಿಯಾದ ಒಂಟೆಗೆ ಒಂದೇ ಡುಬ್ಬ, ಸ್ಕಾರಸ್‌ನ ನಾಣ್ಯದಲ್ಲೂ ಒಂದೇ. ಪ್ರಾಂತ್ಯದ ಗುರುತಿಗೇ ಹಾಕಿದ ಪ್ರಾಣಿಯನ್ನು ಹೀಗೆ ಕೆತ್ತಿದವನು ಪೆಟ್ರಾದ ಸಂತೆಯಲ್ಲಿ ಓಡಾಡಿದವನಂತೆ ನನಗೆ ಕಾಣುವುದಿಲ್ಲ.

ಇದಕ್ಕಿಂತ ದೊಡ್ಡ ವಿಷಯ ಬಿಲ್ಲೆಯದು. ಈ ದ್ರಾಕ್ಮಗಳಲ್ಲಿ ಕೆಲವನ್ನು ನಬಾತಿಯರ ಹಳೆಯ ನಾಣ್ಯದ ಮೇಲೇ ಹೊಡೆದಿದ್ದಾರೆ. ರಬ್ಬೆಲ್‌ನ ಬೆಳ್ಳಿ ನಾಣ್ಯ ಅಳತೆಯಲ್ಲೂ ತೂಕದಲ್ಲೂ ಹೆಚ್ಚುಕಮ್ಮಿ ಇಷ್ಟೇ. ಕರಗಿಸುವ ಖರ್ಚಿಲ್ಲದೆ ಬಿಸಿ ಮಾಡಿ ಹೊಸ ಅಚ್ಚು ಹೊಡೆದರಾಯಿತು. ಹೊಡೆತ ಸರಿಯಾಗಿ ಬೀಳದ ಕಡೆ ಹಳೆಯ ರಾಜನ ಉದ್ದ ಗುಂಗುರು ಕೂದಲಿನ ಗೆರೆ, ನಬಾತಿಯ ಅಕ್ಷರದ ತುಣುಕು ಉಳಿದಿರುತ್ತದೆ. ರೋಮ್‌ನ ದಿನಾರಿಯಸ್ ಸೇರ್ಪಡೆಯ ಸುದ್ದಿ ಹೇಳುತ್ತದೆ. ಇಲ್ಲಿ ಆ ಸೇರ್ಪಡೆ ನಾಣ್ಯದ ಮೈಮೇಲೇ ನಡೆದಿದೆ.

ಜನರ ಬದುಕಿನಲ್ಲಿ ಇದು ಹೇಗಿತ್ತು ಅನ್ನುವುದಕ್ಕೆ ಬಬಾತಾ ಎಂಬ ಹೆಂಗಸಿನ ಕಾಗದಗಳಿವೆ. ಮೃತ ಸಮುದ್ರದ ಪಕ್ಕದ ಗುಹೆಯೊಂದರಲ್ಲಿ 1961ರಲ್ಲಿ ಸಿಕ್ಕವು. ಅವಳ ಖರ್ಜೂರದ ತೋಟಗಳು ಈ ರಾಜ್ಯದಲ್ಲೇ ಇದ್ದವು. ಕಟ್ಟಿನಲ್ಲಿ ಹಳೆಯ ಪತ್ರಗಳು ನಬಾತಿಯ ಭಾಷೆಯಲ್ಲಿವೆ, ಪ್ರಾಂತ್ಯವಾದ ಮೇಲಿನ ಹೆಚ್ಚಿನವು ಗ್ರೀಕ್‌ನಲ್ಲಿ. 127ರಲ್ಲಿ ರೋಮನ್ ಅಧಿಕಾರಿಯ ಮುಂದೆ ತೋಟದ ಲೆಕ್ಕ ಕೊಡುವಾಗಲೂ ತೆರಿಗೆಯ ಕೆಲವು ಮೊತ್ತ 'ಕರಿಯ' ಎಂಬ ಹಣದಲ್ಲಿದೆ. ಬೆಳ್ಳಿ ಕಡಿಮೆಯಿದ್ದ ನಬಾತಿಯ ನಾಣ್ಯಕ್ಕೇ ಹಾಗನ್ನುತ್ತಿದ್ದರು ಅನ್ನುವುದು ಹೆಚ್ಚಿನವರ ಊಹೆ. ಸರಿಯಾಗಿದ್ದರೆ, ರಾಜ ಹೋಗಿ ಇಪ್ಪತ್ತು ವರ್ಷ ಕಳೆದರೂ ಅವನ ದುಡ್ಡಿನ ಲೆಕ್ಕ ಹೋಗಿರಲಿಲ್ಲ.

ಈ ಲಾಟ್‌ಗೂ ಕಾಗದ ಕೇಳಿದೆವು. ಸಿರಿಯಾದಲ್ಲಿ 2011ರಿಂದ ಯುದ್ಧ, ಲೂಟಿ ಎಲ್ಲ ಆಗಿರುವುದರಿಂದ ಆ ಕಡೆಯ ನಾಣ್ಯಕ್ಕೆ ಅದಕ್ಕೂ ಹಿಂದಿನ ದಾಖಲೆ ಇಲ್ಲದಿದ್ದರೆ ನಾನು ಕೈ ಹಾಕಬೇಡಿ ಅನ್ನುತ್ತೇನೆ. ಇದು ಇಪ್ಪತ್ತನೇ ಶತಮಾನದ ಮಾರಾಟ ಪಟ್ಟಿಯೊಂದರಲ್ಲಿ ಫೋಟೊ ಸಮೇತ ಇತ್ತು. ಟ್ರಾಜನ್‌ನ ತಲೆಯ ಹಿಂದೆ ಒಂದು ಬಾಗಿದ ಗೆರೆ ಕಾಣುತ್ತಿತ್ತು. ರಬ್ಬೆಲ್‌ನ ಕೂದಲಾ ಅಂತ ಗೆಳೆಯ ಕೇಳಿದ. ಇರಬಹುದು, ಹೊಡೆತ ಜಾರಿದ್ದೂ ಇರಬಹುದು. ಆ ಗೆರೆಯನ್ನು ನಂಬಿ ಒಂದು ಯೂರೊ ಜಾಸ್ತಿ ಕೊಡಬೇಡ ಅಂದೆ.

ಸ್ಕಾರಸ್‌ನ ದಿನಾರಿಯಸ್ ಮತ್ತು ದ್ರಾಕ್ಮ ಎರಡೂ ಅವನಿಗೆ ಸಿಕ್ಕವು, ಕಮಿಷನ್ ಸೇರಿಸಿಯೂ ಹಣ ಉಳಿಯಿತು. ಟ್ರಾಜನ್‌ನ ರೋಮ್ ದಿನಾರಿಯಸ್ ಇಲ್ಲದೆ ಸೆಟ್ ಅಪೂರ್ಣ ಅನ್ನುವುದು ಅವನ ವಾದ. ಎರಡು ಡುಬ್ಬದ ದ್ರಾಕ್ಮ ಕೈಯಲ್ಲಿರುವಾಗ ಅದಕ್ಕೆ ಆತುರ ಏನೂ ಇಲ್ಲ ಅನ್ನುವುದು ನನ್ನದು. ಬೇಕಿದ್ದರೆ ಉಳಿದ ಹಣಕ್ಕೆ ಇನ್ನಷ್ಟು ಸೇರಿಸಿ ಕ್ರಿ.ಪೂ. 55ರ ಪ್ಲಾಷಿಯಸ್‌ನ ದಿನಾರಿಯಸ್ ನೋಡು ಅಂದಿದ್ದೇನೆ. ಸ್ಕಾರಸ್‌ನ ಚಿತ್ರವನ್ನೇ ಎತ್ತಿಕೊಂಡಂತಿದೆ: ಅದೇ ಒಂಟೆ, ಅದೇ ಮಂಡಿ, ಅದೇ ಕೊಂಬೆ. ಮಂಡಿಯೂರಿದವನ ಹೆಸರು ಮಾತ್ರ 'ಯೂದಾಯದ ಬಾಕಿಯಸ್' ಅಂತಿದೆ, ಮತ್ತು ಆ ಮನುಷ್ಯ ಯಾರು ಅಂತ ವಿದ್ವಾಂಸರು ಇವತ್ತಿಗೂ ಜಗಳವಾಡುತ್ತಿದ್ದಾರೆ. ಗೆಳೆಯ ಎಕ್ಸೆಲ್ ಶೀಟಿನಲ್ಲಿ ಹೊಸ ಸಾಲು ಸೇರಿಸಿದ್ದಾನೆ. ಬೋನಸ್ ಬರುವವರೆಗೆ ಅದನ್ನು ತೆರೆಯಬೇಡ ಅಂತ ಅವನ ಹೆಂಡತಿ ಹೇಳಿದ್ದಾಳಂತೆ.